ನೀರ ಕೇಳಾಕತ್ತಾಳ್ರಿ

ನನ್ನ ಬಾಯಿ ಕೆಟ್ಟದ್ದು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಮುಂದೆ ಆದದ್ದರಲ್ಲಿ ಅದರ ಪಾಲೂ ಇದೆ. ಮುಧೋಳದಲ್ಲಿ ಹುಟ್ಟಿ, ಬೀಳಗಿಗೆ ಮದುವೆಯಾಗಿ, ಹದಿನೈದು ತುಂಬುವುದರೊಳಗೆ ಗಂಡನನ್ನು ಕಳೆದುಕೊಂಡು ತವರಿಗೆ ತಿರುಗಿ ಬಂದವಳು ನಾನು. ಮೂಲೆಯಲ್ಲಿ ಕೂತು ಬತ್ತಿ ಹೊಸೆಯುವುದು ನನ್ನಿಂದ ಆಗಲಿಲ್ಲ. ದಿನಾ ಒಬ್ಬರಲ್ಲ ಒಬ್ಬರ ಜೊತೆ ಜಗಳ. ಕೊನೆಗೆ ಅಪ್ಪ ಬೇಸತ್ತು, ಊರವರ ಮಾತಿಗೆ ಕಿವಿ ಮುಚ್ಚಿಕೊಂಡು, ಮಿರಜಕ್ಕೆ ಕಳಿಸಿ ಹೆರಿಗೆಯ ಕೆಲಸ ಕಲಿಸಿದರು. ಕಲಿತು ಬಂದು ಜಮಖಂಡಿಯ ಒಂದು ಧರ್ಮಾರ್ಥ ದವಾಖಾನೆಯಲ್ಲಿ ಸೇರಿದೆ. ಆಗಿನ್ನೂ ಸಂಸ್ಥಾನದ ಕಾಲ. ನನ್ನ ಹೆಸರು ಅಲ್ಲಿ ಯಾರಿಗೂ ಬೇಕಾಗಲಿಲ್ಲ. ಎಲ್ಲರಿಗೂ ನಾನು ನರ್ಸಬಾಯಿ.

ದವಾಖಾನೆಯನ್ನು ನೂಲಿನ ಸಾಹುಕಾರರೊಬ್ಬರು ತಮ್ಮ ತಾಯಿಯ ನೆನಪಿಗೆ ಕಟ್ಟಿಸಿದ್ದರು. ಡಾಕ್ಟರು ಬೆಳಿಗ್ಗೆ ಎಂಟಕ್ಕೆ ಬಂದು ಹನ್ನೆರಡಕ್ಕೆ ಹೋಗುತ್ತಿದ್ದರು. ಆಮೇಲೆ ಮಾರನೆಯ ಬೆಳಿಗ್ಗೆಯವರೆಗೆ ಬಾಗಿಲು ಹಾಕಿದ್ದೇ. ಹಿಂದಿನ ಎರಡು ಕೋಣೆಗಳಲ್ಲಿ ನನ್ನ ಬಿಡಾರ. ಹೀಗಾಗಿ ಹನ್ನೆರಡರ ನಂತರ ದವಾಖಾನೆ ಎಂದರೆ ನಾನು ಮತ್ತು ಗೋಡೆಗೆ ಜಡಿದ ಒಂದು ಟೆಲಿಫೋನು.

ಸಾಹುಕಾರರಿಗೆ ಬನಹಟ್ಟಿಯಲ್ಲಿ ನೂಲಿನ ಅಂಗಡಿಯಿತ್ತು. ನೇಕಾರರು ಅಲ್ಲಿಂದ ನೂಲು ಒಯ್ದು, ಸೀರೆ ನೇಯ್ದು, ಅಲ್ಲಿಗೇ ತಂದು ಹಾಕುತ್ತಿದ್ದರು. ಪೇಟೆಯ ಧಾರಣೆ ತಿಳಿಸಲು ಸಾಹುಕಾರರು ದರಬಾರಿನ ಪರವಾನಗಿ ಪಡೆದು ಜಮಖಂಡಿಯ ತಮ್ಮ ಮನೆಯಿಂದ ಬನಹಟ್ಟಿಯ ಅಂಗಡಿಯವರೆಗೆ ಕಂಬ ನೆಟ್ಟು ತಂತಿ ಎಳೆಸಿದ್ದರು. ಅದರದೇ ಒಂದು ಕವಲು ದವಾಖಾನೆಗೆ ಬಂತು. "ನಮ್ಮ ನೇಕಾರ ಮಂದಿಗೆ ಹೊತ್ತಿಲ್ಲದ ಹೊತ್ತಿನಾಗ ಉಪಯೋಗ ಆಗ್ಲಿ" ಎಂದರು. ಒಳ್ಳೆಯ ಮನುಷ್ಯ. ತಂತಿ ಮಾತ್ರ ಅಷ್ಟು ಒಳ್ಳೆಯದಾಗಿರಲಿಲ್ಲ. ಒಳಗೆ ಸದಾ ಕರಕರ. ಎರಡೂ ಕಡೆಯವರು ಹೊಲದ ಆಚೆ ಬದುವಿನಲ್ಲಿ ನಿಂತವರನ್ನು ಕರೆಯುವಂತೆ ಕೂಗಬೇಕಿತ್ತು. ಬನಹಟ್ಟಿಯ ಅಂಗಡಿಯಲ್ಲಿ ಫೋನು ಇದ್ದದ್ದು ಗುಮಾಸ್ತರ ಗಾದಿಯ ಪಕ್ಕದ ಗೋಡೆಗೆ. ಅದರ ಎದುರೇ ಜಮಖಾನೆಯ ಮೇಲೆ ನೂಲಿಗಾಗಿ ಕಾದು ಕೂತ ನೇಕಾರರು. ಅಲ್ಲಿ ಫೋನಿನಲ್ಲಿ ಆಡಿದ ಮಾತು ಆ ಎಲ್ಲರ ಮಾತೂ ಆಗುತ್ತಿತ್ತು.

ಫೋನು ಬಂದಾಗ ನನ್ನ ಕೆಲಸ ಗೊತ್ತುಮಾಡುವುದು. ಮನೆಗೆ ಹೋಗಿ ಮಲಗಿದ ಡಾಕ್ಟರನ್ನು ಎಬ್ಬಿಸಿ, ಸಾಹುಕಾರರ ಮೋಟಾರಿನಲ್ಲಿ ಬನಹಟ್ಟಿಗೆ ಕಳಿಸಬೇಕೋ, ನಾಳೆ ಬೆಳಿಗ್ಗೆ ಚಕ್ಕಡಿ ಕಟ್ಟಿಕೊಂಡು ಬನ್ನಿ ಎನ್ನಬೇಕೋ, ಮನೆಯಲ್ಲೇ ಇಂಥದ್ದೊಂದು ಮಾಡಿ ಎಂದು ಹೇಳಿ ಮುಗಿಸಬೇಕೋ. ಯುದ್ಧದ ವರ್ಷಗಳು ಅವು, ಪೆಟ್ರೋಲು ಚೀಟಿಯ ಮೇಲೆ. ತಿಂಗಳಿಗೆ ಇಷ್ಟೇ ಎಂದು. ತಪ್ಪು ಮನೆಗೆ ಮೋಟಾರು ಹೋದರೆ ಮುಂದೆ ಸರಿಯಾದ ಮನೆಗೆ ಹೋಗಲು ಪೆಟ್ರೋಲೇ ಇರುತ್ತಿರಲಿಲ್ಲ. ಡಾಕ್ಟರು ಏಳು ಪ್ರಶ್ನೆ ಹೇಳಿ ಬರೆಸಿದ್ದರು. ಎಚ್ಚರ ಇದೆಯೋ, ಉಸಿರು ಸರಿ ಇದೆಯೋ, ಜ್ವರವೋ, ಸೆಟೆತವೋ, ರಕ್ತ ಹೋಗುತ್ತಿದೆಯೋ, ಹೀಗೆ. ನಾನೇ ದಪ್ಪ ಅಕ್ಷರದಲ್ಲಿ ಬರೆದು ಫೋನಿನ ಮೇಲ್ಗಡೆ ಗೋಡೆಗೆ ಅಂಟಿಸಿದ್ದೆ. ಎಚ್ಚರ, ಉಸಿರು, ಸೆಟೆತ, ರಕ್ತ, ಈ ನಾಲ್ಕರಲ್ಲಿ ಒಂದು ಕೆಟ್ಟಿದ್ದರೂ ಮೋಟಾರು. ಉಳಿದದ್ದಕ್ಕೆಲ್ಲ ನನ್ನ ಬುದ್ಧಿ.

ಕೇಳಲು ಸುಲಭ. ಆದರೆ ಫೋನಿಗೆ ರೋಗಿ ಬರುವುದಿಲ್ಲ. ರೋಗಿಯ ಹಾಸಿಗೆ ಪಕ್ಕ ಕೂತ ಹೆಂಗಸೂ ಬರುವುದಿಲ್ಲ, ಅಷ್ಟು ಗಂಡಸರು ಕೂತ ಅಂಗಡಿಯ ಮೆಟ್ಟಿಲನ್ನು ಅವಳು ಹತ್ತುವುದುಂಟೆ? ಬರುವವನು ಗಂಡಸು. ಅವನು ಒಳಗೆ ಹೋಗಿ ನೋಡಿರುವುದಿಲ್ಲ. ಹೊಸ್ತಿಲಾಚೆ ನಿಂತು ಕೇಳಿಕೊಂಡು ಬಂದಿರುತ್ತಾನೆ. ಅದೂ ಫೋನಿನ ಮುಂದೆ ನಿಂತ ಕೂಡಲೇ ದರಬಾರಿನ ಮುಂದೆ ನಿಂತಂತೆ ಆಗಿಬಿಡುತ್ತಿದ್ದ. ಒಬ್ಬ ಚಪ್ಪಲಿ ಕಳಚಿ, ರುಮಾಲು ತೆಗೆದು ಕಂಕುಳಲ್ಲಿ ಇಟ್ಟುಕೊಂಡು ಮಾತಾಡಿದನೆಂದು ಗುಮಾಸ್ತರು ನಗುತ್ತಾ ಹೇಳಿದ್ದರು. ಅವನಿಗೆ ನಾನು "ಜ್ವರ ಅದಾವೇನು?" ಎಂದರೆ "ಹೌದ್ರಿ." "ಮೈ ತಣ್ಣಗ ಐತೇನು?" ಎಂದರೆ ಅದಕ್ಕೂ "ಹೌದ್ರಿ." "ಏನಪಾ, ನಿಮ್ಮವ್ವ ಬೆಂಕಿನೋ ಮಂಜೋ?" ಎಂದೆ. ಸ್ವಲ್ಪ ತಡೆದು, "ನೀವು ಹೇಳಿದಂಗ್ರಿ" ಎಂದ. ಆಮೇಲಿಂದ ನಾನು ಒಂದೇ ಪ್ರಶ್ನೆಯನ್ನು ತಿರುವಿ ಮುರುವಿ ಎರಡು ಸಲ ಕೇಳುವುದನ್ನು ರೂಢಿಮಾಡಿಕೊಂಡೆ. ನಾನು ಭಾರೀ ಜಾಣೆ ಎಂದೇ ತಿಳಿದಿದ್ದೆ.

ಆ ಜಾಣತನದ ಹೊಟ್ಟೆಯಲ್ಲಿ ಒಂದು ಅವಮಾನವೂ ಇತ್ತು. ಒಂದು ಮಧ್ಯಾಹ್ನ ಒಬ್ಬ ಫೋನಿನಲ್ಲಿ ಗೋಳೋ ಎಂದು ಅತ್ತ. "ನಮ್ಮಣ್ಣನ ಜೀವ ಹೋಗಾಕತ್ತೈತ್ರಿ ಬಾಯಾರ, ಹೊಟ್ಟಿ ಹಿಡ್ಕೊಂಡು ನೆಲಾ ಉಳ್ಳಾಡಾಕತ್ತಾನ್ರಿ." ನಾನು ಓಡಿಹೋಗಿ ಡಾಕ್ಟರನ್ನು ಎಬ್ಬಿಸಿದೆ. ಮೋಟಾರು ಹೋಯಿತು. ಡಾಕ್ಟರು ಅಲ್ಲಿ ಇಳಿಯುವ ಹೊತ್ತಿಗೆ ಅಣ್ಣ ಕಟ್ಟೆಯ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದನಂತೆ. ಮದುವೆ ಮನೆಯಲ್ಲಿ ಪಂಥ ಕಟ್ಟಿ ಶೇಂಗಾ ಹೋಳಿಗೆ ತಿಂದಿದ್ದ, ಅಷ್ಟೇ. ಡಾಕ್ಟರು ತಿರುಗಿ ಬಂದು ಕೈ ತೊಳೆಯುತ್ತಾ, "ಬಾಯಿ, ಅಳೋರ ಕಡೆ ನೋಡಬ್ಯಾಡ್ರಿ. ಪಟ್ಟಿ ನೋಡ್ರಿ" ಎಂದರು.  ಆ ತಿಂಗಳ ಕೊನೆಯ ವಾರ ಸಾಹುಕಾರರ ಮೋಟಾರು ಪೆಟ್ರೋಲಿಲ್ಲದೆ ಅಂಗಳದಲ್ಲೇ ನಿಂತಿತ್ತು. ದಿನಾ ಅದರ ಮುಂದೆ ಹಾಯ್ದು ಹೋಗುವಾಗ ನನಗೆ ಮುಖ ತೋರಿಸಲು ಆಗುತ್ತಿರಲಿಲ್ಲ.

ಅಲ್ಲಿಂದ ನನ್ನ ನಾಲಿಗೆ ಇನ್ನಷ್ಟು ಉದ್ದವಾಯಿತು. ತಲೆನೋವು, ಕೆಮ್ಮು ಎಂದು ಫೋನು ಮಾಡಿದವನಿಗೆ, "ಇದು ದವಾಖಾನಿ ಫೋನು, ನಿನ್ನ ಬೀಗರ ಮನಿ ಪಡಸಾಲಿ ಅಲ್ಲ" ಎಂದು ಬಿಡುತ್ತಿದ್ದೆ. ತಂತಿಯಾಚೆ ಕೂತವರೆಲ್ಲ ಕೇಳಿ ನಗುತ್ತಿದ್ದರು. ನನಗೂ ನಗಿಸಿದ ಹೆಮ್ಮೆ. ನರ್ಸಬಾಯಿ ಫೋನಿನಲ್ಲಿ ಬೈಯುತ್ತಾಳೆ ಎಂದು ಬನಹಟ್ಟಿಯಲ್ಲಿ ಹೆಸರಾಯಿತು. ಪಕ್ಕದ ರಬಕವಿ ಸಾಂಗಲಿ ಸಂಸ್ಥಾನದ ಸೀಮೆ, ಅಲ್ಲಿಯ ಒಬ್ಬ ನೇಕಾರ ಕೂಡ ಆ ಬಾಯಿಯ ಬೈಗುಳ ಕೇಳೋಣವೆಂದೇ ಬಂದು ಸುಮ್ಮನೆ ಫೋನು ಮಾಡಿದ್ದ. ಅವನಿಗೂ ಸಿಕ್ಕಿತು.

ಬಾಣಂತಿಯರ ವಿಷಯಕ್ಕೆ ಬರುವ ಫೋನುಗಳಲ್ಲಿ ಮುಕ್ಕಾಲು ಪಾಲು ನೀರಿನದು. ಆಗ ನಮ್ಮ ಕಡೆ ಹೆತ್ತ ಹೆಂಗಸಿಗೆ ನೀರು ಕೊಡುತ್ತಿರಲಿಲ್ಲ. ಥಂಡಿಯಾಗುತ್ತದೆ, ನಂಜೇರುತ್ತದೆ, ಹೊಟ್ಟೆ ಬರುತ್ತದೆ ಎಂಬ ಭಯ. ಬಾಣಂತಿ ಮಲಗಿದ ಹೊರಸಿನ ಕೆಳಗೆ ಕೆಂಡದ ಶೇಗಡಿ ಇಟ್ಟು, ತಲೆಗೆ ಕಿವಿಗೆ ಬಟ್ಟೆ ಸುತ್ತಿ, ಖಾರದ ಉಂಡೆ ತಿನ್ನಿಸಿ, ಕುಡಿಯಲು ಮಾತ್ರ ಓಂಕಾಳು ಕುದಿಸಿದ ನೀರು ಎರಡು ಚಮಚ. ಹೆತ್ತು ಬೆವರು ಸುರಿಸಿದ ಜೀವ ನೀರು ನೀರು ಎಂದು ಬಾಯಿ ಬಿಡುವುದು ಸಹಜ. ಐದಾರು ದಿನ ಬೇಡಿ ಬೇಡಿ, ಮನೆಯವರಿಗೇ ಕನಿಕರವಾಗಿ, ಕೊಡಲೋ ಬೇಡವೋ ಎಂದು ಯಾರೋ ಗಂಡಸನ್ನು ಫೋನಿಗೆ ಓಡಿಸುವರು. "ಬಾಣಂತಿ ನೀರ ಕೇಳಾಕತ್ತಾಳ್ರಿ." ನಾನು ಎಷ್ಟು ಸಲ ಕೇಳಿದ್ದೇನೋ ಆ ಮಾತನ್ನು. ಪ್ರತಿ ಸಲವೂ, "ಕಾಸಿ ಆರಿಸಿ ಹೊಟ್ಟಿ ತುಂಬ ಕೊಡ್ರಿ. ಕೃಷ್ಣಾ ಹೊಳಿ ಬತ್ತೂದಿಲ್ಲ" ಎಂದು ಗದರಿಸಿ ಇಟ್ಟುಬಿಡುತ್ತಿದ್ದೆ. ಅದೊಂದು ನನ್ನ ಯುದ್ಧ. ಆ ಪದ್ಧತಿಯ ಮೇಲೆ ನನಗೆ ಅಷ್ಟು ಸಿಟ್ಟು.

ಈಗ ಆ ಹುಡುಗಿಯ ವಿಷಯ. ಹದಿನೆಂಟೋ ಹತ್ತೊಂಬತ್ತೋ ಇದ್ದಿರಬೇಕು. ಬನಹಟ್ಟಿಯ ಒಬ್ಬ ನೇಕಾರನ ಹೆಂಡತಿ. ಚೊಚ್ಚಲ ಬಸುರಿ, ತವರಲ್ಲಿ ತಾಯಿಯಿಲ್ಲದ್ದರಿಂದ ಹೆರಿಗೆ ಗಂಡನ ಮನೆಯಲ್ಲೇ ಎಂದು ಗೊತ್ತಾಗಿತ್ತು. ಏಳು ತಿಂಗಳಾದಾಗ ಗಂಡ ಅವಳನ್ನು ಚಕ್ಕಡಿಯಲ್ಲಿ ದವಾಖಾನೆಗೆ ಕರೆತಂದಿದ್ದ. ಕಾಲು ಸ್ವಲ್ಪ ಬಾತಿದ್ದವು, ಮತ್ತೇನೂ ಇರಲಿಲ್ಲ. ಅವನು ಸಣ್ಣ ಮೈಯ, ಮಾತು ಕಡಿಮೆಯ ಮನುಷ್ಯ. ಬಾಗಿಲ ಹತ್ತಿರ ಗೋಡೆಗೆ ಆನಿಕೊಂಡು ನಿಂತಿದ್ದ. ಹುಡುಗಿಗೆ ಬೇಕಾದಷ್ಟು ಮಾತು. ನನ್ನ ಬೋಳು ಹಣೆ ನೋಡಿ ಎಲ್ಲರೂ ಒಂದು ಗಳಿಗೆ ತಡವರಿಸುತ್ತಿದ್ದರು, ಅವಳು ತಡವರಿಸಲಿಲ್ಲ. ಹೊಟ್ಟೆ ಮುಟ್ಟಿ ನೋಡಿ ಮುಗಿಸಿ, "ಅಂಜಿಕಿ ಏನರ ಐತೇನವಾ?" ಎಂದು ಕೇಳಿದೆ.

"ಹಡಿಯೂದಕ್ಕ ಏನ ಅಂಜಿಕಿ ಇಲ್ರಿ" ಎಂದಳು. "ನೀರ ಕೊಡೂದಿಲ್ಲಂತ, ಅದಕ್ಕ ಅಂಜಿಕಿ. ನಮ್ಮಕ್ಕ ತ್ವಾಯ್ದ ಅರಬಿ ಹಿಂಡಿ ಕುಡದಿದ್ಳಂತ್ರಿ."

ಒದ್ದೆ ಬಟ್ಟೆ ಹಿಂಡಿದ ನೀರು ಎಂದು ಕೇಳಿ ನನಗೆ ಸಿಟ್ಟು ಬಂತು. "ನಿನಗ ಕೊಡ್ತಾರ. ಕೊಡ್ಲಿಲ್ಲಂದ್ರ ನಿನ್ನ ಗಂಡನ್ನ ಕಳಸು, ನನಗ ಫೋನು ಮಾಡ್ಲಿ. ನಾ ಹೇಳಿದ್ಮ್ಯಾಲ ನಿಮ್ಮತ್ತಿ ಹೆಂಗ ಕೊಡೂದಿಲ್ಲ ನೋಡೂಣು."

ಅವಳು ಗಂಡನ ಕಡೆ ತಿರುಗಿ, "ಕೇಳಿದ್ರಿಲ್ಲೋ?" ಎಂದಳು. ಅವನು ತಲೆಯಾಡಿಸಿದ. ನನ್ನ ಕೊಡದಿಂದ ಒಂದು ಚರಿಗೆ ನೀರು ಇಸಿದುಕೊಂಡು ಕುಡಿದು ಹೋದಳು. ಅವಳು ಹೋದ ಮೇಲೂ ಆ ಕೋಣೆಯಲ್ಲಿ ಸ್ವಲ್ಪ ಹೊತ್ತು ನಾನು ಖುಷಿಯಾಗಿದ್ದೆ.

ಎರಡು ತಿಂಗಳ ನಂತರ ಒಂದು ಮಧ್ಯಾಹ್ನ, ಸುಮಾರು ಮೂರರ ಹೊತ್ತಿಗೆ ಫೋನಿನ ಗಂಟೆ ಬಾರಿಸಿತು. ಹಿಂದಿನ ದಿನ ಏಕಾದಶಿ ಉಪವಾಸ ಮಾಡಿದ್ದೆ. ಬೆಳಿಗ್ಗೆಯಿಂದ ರೋಗಿಗಳ ಗದ್ದಲದಲ್ಲಿ ಒಂದು ತುತ್ತು ಬಾಯಿಗೆ ಬಿದ್ದಿರಲಿಲ್ಲ. ತಟ್ಟೆಗೆ ಬಡಿಸಿಕೊಂಡು ಆಗಷ್ಟೇ ಕೂತಿದ್ದೆ. ಇದನ್ನೂ ಮುಚ್ಚಿಡುವುದಿಲ್ಲ. ಗುಮಾಸ್ತರು ಇಂಥವನು ಮಾತಾಡುತ್ತಾನೆ ಎಂದು ರಿಸೀವರ್ ಕೊಟ್ಟರು. ಆ ಹುಡುಗಿಯ ಗಂಡನೇ. ದನಿ ಮೆಲ್ಲಗಿತ್ತು, ಜೋರಾಗಿ ಹೇಳು ಎಂದು ಎರಡು ಸಲ ಗದರಬೇಕಾಯಿತು.

"ಮುಂಜಾನೆ ಹಡದಾಳ್ರಿ. ಹೆಣ್ಣ ಕೂಸು."

"ಛಲೋ ಆತು. ಏನೀಗ?"

"ನೀರ ಕೇಳಾಕತ್ತಾಳ್ರಿ. ಭಾಳ ಕೇಳಾಕತ್ತಾಳ. ನಮ್ಮವ್ವ ಕೊಡವಲ್ಲಳು. ನೀವು ಫೋನು ಮಾಡು ಅಂದಿದ್ರಿ."

ನನಗೆ ಹುಡುಗಿಯ ಮುಖ ನೆನಪಾಯಿತು, ನಗು ಬಂತು. ಹೇಳಿದಂತೆಯೇ ಗಂಡನನ್ನು ಕಳಿಸಿದ್ದಾಳಲ್ಲ ಎಂದು. ಆದರೂ ಪಟ್ಟಿ ಬಿಡಲಿಲ್ಲ. ಒಂದೊಂದಾಗಿ ಕೇಳಿದೆ. ಎಚ್ಚರ ಇದೆ. ಜ್ವರ ಇಲ್ಲ. ಸೆಟೆತ ಇಲ್ಲ. ಉಸಿರು? "ಸ್ವಲ್ಪ ತೇಕಾಕತ್ತಾಳಂತ್ರಿ. ದಣಿವಾಗೇತಿ ಅಂತಾಳ ಅವ್ವ." ಹೆತ್ತವಳಿಗೆ ದಣಿವಾಗದೆ ಇರುತ್ತದೆಯೇ? ಮುಂದಿನ ಪ್ರಶ್ನೆಗೆ ಹೋದೆ. ಕೂಗಿಯೇ ಕೇಳಿದೆ, ಕೂಗದೆ ಕೇಳಿಸುತ್ತಿರಲಿಲ್ಲ. "ರಕ್ತ ಭಾಳ ಹೋಗಾಕತ್ತೈತೇನು?"

ಆಚೆ ಸುಮ್ಮನಾಯಿತು. ಕರಕರ ಎನ್ನುವ ತಂತಿಯ ಹಿಂದೆ ಯಾರೋ ಕೆಮ್ಮಿದರು. ಯಾರೋ ಏನೋ ಅಂದರು, ಒಬ್ಬಿಬ್ಬರು ನಕ್ಕರು.

"ಏನಪಾ, ಕೇಳ್ತೋ ಇಲ್ಲೋ? ಹೋಗಾಕತ್ತೈತೋ ಇಲ್ಲೋ?"

"ಹಂಗೇನಿಲ್ರಿ" ಎಂದ.

ತಿರುವಿ ಕೇಳಬೇಕಿತ್ತು. ಎಲ್ಲರಿಗೂ ತಿರುವಿ ಕೇಳುತ್ತಿದ್ದವಳು ಅವನಿಗೆ ಕೇಳಲಿಲ್ಲ. ನನಗೆ ಉತ್ತರ ಮೊದಲೇ ಗೊತ್ತಿತ್ತಲ್ಲ. ಅತ್ತೆ ನೀರು ಕೊಡುತ್ತಿಲ್ಲ, ಹುಡುಗಿಗೆ ಬಾಯಾರಿದೆ, ನಾನು ಹೇಳಿದರೆ ಕೊಡುತ್ತಾರೆ. "ನಿಮ್ಮವ್ವಗ ಹೇಳು, ನರ್ಸಬಾಯಿ ಹೇಳ್ಯಾಳಂತ. ಕೇಳಿದಷ್ಟ ಕೊಡ್ಲಿ. ಕೊಡ್ಲಿಲ್ಲಂದ್ರ ನಾನ ಬರ್ತೇನಿ ಅನ್ನು" ಎಂದು ಅತ್ತೆಗೆ ತಂತಿಯ ಮೇಲೆಯೇ ನಾಲ್ಕು ಮಾತು ಬೈದೆ. ಮತ್ತೆ ನಗು ಕೇಳಿಸಿತು. ರಿಸೀವರ್ ಇಟ್ಟು ಬಂದು ಊಟ ಮಾಡಿದೆ. ಬದನೆಕಾಯಿ ಪಲ್ಯ, ರೊಟ್ಟಿ. ರುಚಿಯಾಗಿತ್ತು. ಅದು ಹಾಳಾದ್ದು ಇನ್ನೂ ನೆನಪಿದೆ.

ಮರುದಿನ ಬೆಳಿಗ್ಗೆ ಧಾರಣೆ ಕೇಳಲು ಗುಮಾಸ್ತರು ಸಾಹುಕಾರರ ಮನೆಗೆ ಫೋನು ಮಾಡಿದಾಗ ದವಾಖಾನೆಯ ಫೋನಿನ ಗಂಟೆಯೂ ಬಾರಿಸಿತು. ತಂತಿ ಒಂದೇ ಆದ್ದರಿಂದ ಹಾಗಾಗುತ್ತಿತ್ತು. ನಾನು ರಿಸೀವರ್ ಎತ್ತಿ ಹಿಡಿದಿದ್ದೆ. ಅವರ ಮಾತು ಮುಗಿದ ಮೇಲೆ, "ಬಾಯಾರ ಅದಾರೇನ್ರಿ?" ಎಂದರು ಗುಮಾಸ್ತರು. "ನಿನ್ನಿ ಫೋನು ಮಾಡಿದ್ನಲ್ರಿ, ಆ ಹುಡುಗನ ಹೇಣ್ತಿ ದೀಪ ಹಚ್ಚೂ ಹೊತ್ತಿಗೆ ತೀರಿಕೊಂಡ್ಳು. ಹೊರಸು ತೊಯ್ದಿತ್ತಂತ್ರಿ, ಹೆಂಗಸ್ರು ಮಾತಾಡ್ಕೋತಾರ." ಅವರ ದನಿಯಲ್ಲಿ ನನ್ನ ಮೇಲೆ ಏನೂ ಇರಲಿಲ್ಲ. ಹೆರಿಗೆಯಲ್ಲಿ ಹೆಂಗಸರು ಹೋಗುವುದು ಆಗ ಸುದ್ದಿಯೂ ಆಗಿರಲಿಲ್ಲ.

ಪಟ್ಟಿಯ ಕಡೆ ನೋಡಿದೆ, ಉಸಿರು ಅದರಲ್ಲೇ ಇತ್ತು, ತೇಕನ್ನು ದಣಿವೆಂದು ದಾಟಿಹೋದವಳು ನಾನೇ. ಬಾಯಾರಿಕೆ, ತೇಕು, ದಣಿವು. ಮಿರಜದಲ್ಲಿ ಮೊದಲ ವರ್ಷವೇ ಕಲಿಸಿದ್ದರು. ಒಳಗಿಂದ ರಕ್ತ ಹರಿದುಹೋಗುವವಳು ನೀರು ಬೇಡುತ್ತಾಳೆ, ಉಸಿರಿಗೆ ಒದ್ದಾಡುತ್ತಾಳೆ. ಪರೀಕ್ಷೆಯಲ್ಲಿ ಬರೆದಿದ್ದೆ ಕೂಡ. ಆದರೆ ನೀರು ಕೊಡದ ನಾಡಿನಲ್ಲಿ ಎಲ್ಲ ಬಾಣಂತಿಯರೂ ನೀರು ಬೇಡುತ್ತಾರೆ. ಬೇಡಿ ಬೇಡಿ ನನ್ನ ಕಿವಿಯಲ್ಲಿ ಆ ಮಾತು ಸವೆದುಹೋಗಿತ್ತು. ಬೇರೆಯವರು ಬೇಡಿದ್ದು ಐದಾರು ದಿನ ಒಣಗಿದ ಮೇಲೆ. ಇವಳು ಬೇಡಿದ್ದು ಹೆತ್ತ ದಿನವೇ. ಆ ವ್ಯತ್ಯಾಸ ನನ್ನ ಕಣ್ಣ ಮುಂದೆ ಇತ್ತು, ಮತ್ತು ನಾನು ನಕ್ಕಿದ್ದೆ.

ಡಾಕ್ಟರು ಬಂದ ಕೂಡಲೇ ಎಲ್ಲ ಹೇಳಿದೆ. ಅವರು ಟೊಪ್ಪಿಗೆಯನ್ನು ಗೂಟಕ್ಕೆ ಹಾಕಿ ಕೇಳಿದರು, "ಕೈಕಾಲು ತಣ್ಣಗಿದ್ವೇನು?"

"ಕೇಳಲಿಲ್ಲ."

"ಪಟ್ಟಿಯೊಳಗ ಅದು ಇಲ್ಲ ಬಿಡ್ರಿ. ರಕ್ತ ಕೇಳಿದ್ರಿ, ಇಲ್ಲ ಅಂದ. ನೀವರ ಏನು ಮಾಡ್ತಿದ್ರಿ?" ಔಷಧದ ಪೆಟ್ಟಿಗೆ ತೆರೆಯುತ್ತಾ, "ಮೂರಕ್ಕ ಹೊರಟಿದ್ರೂ ನಾ ಮುಟ್ಟೂದು ನಾಲ್ಕೂವರಿ. ಉಳೀತಿದ್ಳೋ ಇಲ್ಲೋ ಯಾರಿಗೆ ಗೊತ್ತು" ಎಂದರು. ನನ್ನ ಸಮಾಧಾನಕ್ಕೆ ಅಂದದ್ದು. ನಾನು ಆ ಸಮಾಧಾನವನ್ನು ತೆಗೆದುಕೊಳ್ಳಲಿಲ್ಲ. ಮೋಟಾರು ಮುಟ್ಟುವ ಮೊದಲೇ, ಹೊಟ್ಟೆಯನ್ನು ಬಲವಾಗಿ ತಿಕ್ಕಿ, ಕೂಸನ್ನು ಎದೆಗೆ ಹಚ್ಚಿ ಎಂದು ಫೋನಿನಲ್ಲೇ ಹೇಳಿದ್ದರೂ ಡಾಕ್ಟರು ಬರುವವರೆಗೆ ಜೀವ ತಡೆಯುತ್ತಿತ್ತೋ ಏನೋ. ನಾನು ಹೇಳಿದ್ದು ನೀರು ಕೊಡಿ ಎಂದು.

 ಬೈಯುವುದನ್ನು ಬಿಟ್ಟೆ. ಬನಹಟ್ಟಿಯವರಿಗೆ ಅದು ಬೇಸರವೇ ಆಯಿತು. "ಬಾಯಾರು ಮೆತ್ತಗಾಗ್ಯಾರ" ಎಂದು ಗುಮಾಸ್ತರು ಕೀಟಲೆ ಮಾಡಿದರು. ಸ್ವಲ್ಪ ದಿನ ಏನು ಕೇಳಿದರೂ ಮೋಟಾರು ಕಳಿಸಿದೆ, ಮುಳ್ಳು ಚುಚ್ಚಿದರೂ ಕಳಿಸಿದೆ. ಪೆಟ್ರೋಲು ಮುಗಿಯಿತು. ಡಾಕ್ಟರು ಕರೆದು, "ಹಿಂಗಾದ್ರೂ ಮಂದಿ ಸಾಯ್ತಾರ, ಬಾಯಿ" ಎಂದರು. ಅದು ನಿಜ. ಅಂಜಿಕೆಯಿಂದ ಮಾಡಿದ ನಿರ್ಧಾರಕ್ಕೂ ಕಣ್ಣಿಲ್ಲ.

ಒಂದೂವರೆ ತಿಂಗಳಾಗಿರಬೇಕು. ಬೆಳಿಗ್ಗೆ ರೋಗಿಗಳ ಸಾಲು ಕರಗಿದ ಮೇಲೆ ಅವನು ಬಂದ. ತೋಳಿನಲ್ಲಿ ಕೂಸು, ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿದ್ದು. ಅವನ ತಾಯಿ ಹೊರಗೆ ಕಟ್ಟೆಯ ಮೇಲೆ ಕೂತಿದ್ದಳು, ಒಳಗೆ ಬರಲಿಲ್ಲ. ನಾನು ಬೈದಿದ್ದೆನಲ್ಲ. ಕೂಸಿಗೆ ಆಡಿನ ಹಾಲು ಹಾಕುತ್ತಿದ್ದರು, ಹೊಟ್ಟೆ ಕೆಟ್ಟಿತ್ತು. ನೋಡಿದೆ, ಹಾಲಿಗೆ ಎಷ್ಟು ನೀರು ಬೆರೆಸಬೇಕು, ಹೇಗೆ ಕಾಸಬೇಕು ಹೇಳಿದೆ. ಹೇಳುತ್ತಾ ಅವನ ಮುಖ ನೋಡಲಿಲ್ಲ. ಅವನು ಬೈದಿದ್ದರೆ, ಕೂಗಾಡಿದ್ದರೆ ನನಗೆ ಹಗುರಾಗುತ್ತಿತ್ತು.

ಎಲ್ಲ ಮುಗಿದ ಮೇಲೂ ಅವನು ಏಳಲಿಲ್ಲ.

"ನಿಮಗ ಒಂದ ಮಾತ ಹೇಳಬೇಕಂತ ಬಂದೇನ್ರಿ" ಎಂದ. "ನಾ ಫೋನು ಮಾಡಿ ಹೋಗಿ ಅವ್ವಗ ಹೇಳಿದೆ. ನಿಮ್ಮ ಹೆಸರ ಹೇಳಿದ್ಮ್ಯಾಲ ಕೊಟ್ಳು. ಎರಡ ಚರಗಿ ಕುಡದ್ಳು. ಕುಡದು, ನರ್ಸಬಾಯಿ ಮಾತ ಉಳಿಸ್ಕೊಂಡ್ರು ಅಂದ್ಳು. ಬಾಗಲಾಚೆ ನಿಂತ ನನಗ ಕೇಳ್ತು." ಕೂಸಿನ ಬಟ್ಟೆ ಸರಿಮಾಡಿದ. "ಬಾಯಾರಿ ಹೋಗಲಿಲ್ಲ ನೋಡ್ರಿ. ಅದೊಂದು ನಿಮ್ಮಿಂದ ಆತು. ನಿಮ್ಮ ಉಪಕಾರ ಮರಿಯೂದಿಲ್ಲ."

  ಹೇಳಿಬಿಡಬೇಕು ಎಂದುಕೊಂಡೆ. ನಿನ್ನ ಹೆಂಡತಿ ನೀರಿಲ್ಲದೆ ಬಾಯಾರಿರಲಿಲ್ಲಪ್ಪ, ರಕ್ತ ಹೋಗಿ ಬಾಯಾರಿದ್ದಳು, ನನಗೆ ತಿಳಿಯಬೇಕಿತ್ತು ಎಂದು. ಅದರ ಬದಲು ನನ್ನ ಬಾಯಿಂದ ಬಂದದ್ದು ಪ್ರಶ್ನೆ.

"ಆ ದಿನ ಅರಬಿ ಎಷ್ಟ ಬದಲಿ ಮಾಡಿದ್ರು, ನಿನಗ ಗೊತ್ತೈತೇನು?"

"ಹದಿಮೂರು ರೀ" ಎಂದ. ಒಂದು ಕ್ಷಣವೂ ಯೋಚಿಸಲಿಲ್ಲ. "ಅವ್ವ ಹಿತ್ತಲದಾಗ ಹಿಂಡಿ ಹಿಂಡಿ ಹಾಕಾಕತ್ತಿದ್ಳು. ನಾ ನೇದ ಸೀರಿನ ಹರದಿದ್ರು, ಅದಕ್ಕ ಲಕ್ಷ್ಯ ಇತ್ತು. ನಾ ಫೋನಿಗೆ ಬರೂ ಮೊದಲ ಎಂಟು. ಆಮ್ಯಾಲ ಐದು."

ಎಳೆ ಎಣಿಸುವುದೇ ಅವನ ಕಸುಬು. ಸಾವಿರ ಎಳೆಯಲ್ಲಿ ಒಂದು ತಪ್ಪಿದರೆ ಕಣ್ಣಿಗೆ ಬೀಳುವ ಜಾತಿ. ಅವನು ಆ ಸಂಖ್ಯೆಯನ್ನು ತಲೆಯಲ್ಲಿ ಇಟ್ಟುಕೊಂಡೇ ಫೋನಿನ ಮುಂದೆ ನಿಂತಿದ್ದ.

"ನಾ ಕೇಳಿದಾಗ ಹಂಗೇನಿಲ್ಲ ಅಂದೆಲ್ಲಪಾ."

ಅವನ ಕಿವಿ ಕೆಂಪಾದವು. "ಅಲ್ಲಿ ನಮ್ಮ ದೊಡ್ಡಪ್ಪ ಕುಂತಿದ್ರಿ. ಅಕಿ ಸ್ವಾದರಮಾವ ಕುಂತಿದ್ದ. ಒದರಿ ಹೇಳಬೇಕು. ಹೆಂಗ ಹೇಳ್ಲಿ ಅದನ್ನ?" ಎಂದು ನೆಲ ನೋಡಿದ. "ಎಷ್ಟ ಅರಬಿ ಅಂತ ಕೇಳಿದ್ರ ಹೇಳ್ತಿದ್ದೆ. ಬರೇ ಒಂದ ಲೆಕ್ಕ ಅಲ್ಲೇನ್ರಿ ಅದು." ಆಮೇಲೆ ತಲೆಯೆತ್ತಿ, "ಯಾಕ್ರಿ ಕೇಳಿದ್ರಿ?" ಎಂದ.

ಅವನ ಕಣ್ಣಲ್ಲಿ ಸಂಶಯ ಇರಲಿಲ್ಲ. ಕೂಸು ಅವನ ಅಂಗಿಯ ಗುಂಡಿ ಹಿಡಿದಿತ್ತು.

"ಸುಮ್ನ ಕೇಳಿದೆ" ಎಂದೆ.

ಅವನು ಹೋದ ಮೇಲೆ ಪಟ್ಟಿಯ ಕೆಳಗೆ ಎಂಟನೆಯದನ್ನು ಬರೆದೆ. ಬೆಳಿಗ್ಗೆಯಿಂದ ಬಟ್ಟೆ ಎಷ್ಟು? ಬಾಣಂತಿಯ ವಿಷಯದಲ್ಲಿ ಯಾರೇ ಫೋನು ಮಾಡಿದರೂ ರಕ್ತ ಎಂಬ ಮಾತನ್ನೇ ಎತ್ತಲಿಲ್ಲ. "ನಿಮ್ಮವ್ವನ ಕೇಳಿ ಬಂದು ಒಂದು ಅಂಕಿ ಅಷ್ಟ ಹೇಳು" ಎನ್ನುತ್ತಿದ್ದೆ. ಅಂಗಡಿಯಲ್ಲಿ ಕೂತವರಿಗೆ ಅದು ಏನಿನ ಲೆಕ್ಕವೋ ತಿಳಿಯುತ್ತಿರಲಿಲ್ಲ, ನಾಚಿಕೆಯೂ ಇರಲಿಲ್ಲ. ಗಂಡಸರು ಓಡಿಹೋಗಿ ಓಡಿಬಂದು ಎದೆ ತುಂಬಿ ಕೂಗುತ್ತಿದ್ದರು, "ಮೂರು ರೀ", "ನಾಕು ರೀ". ಒಂದು ಸಲ ಒಬ್ಬ "ಒಂಬತ್ತು ರೀ" ಎಂದ. ಮಿಕ್ಕ ಏಳನ್ನೂ ಕೇಳದೆ ಡಾಕ್ಟರ ಮನೆಗೆ ಓಡಿದೆ. ಆ ಹೆಂಗಸು ಬದುಕಿದಳು, ಆಮೇಲೆ ಇನ್ನೂ ಇಬ್ಬರನ್ನು ಹೆತ್ತಳು. ಡಾಕ್ಟರು ಆ ದಿನ ನನಗೆ ಕೈ ಮುಗಿದರು, ತಮಾಷೆಗಲ್ಲ. ಅವಳ ಮನೆಯವರು ಕೊಟ್ಟ ಪೇಢೆಯನ್ನು ಮಾತ್ರ ನಾನು ತಿನ್ನದೆ ಕಟ್ಟೆಯ ಮೇಲಿನ ರೋಗಿಗಳಿಗೆ ಹಂಚಿಬಿಟ್ಟೆ.

ಅವನು ವರ್ಷಕ್ಕೊಮ್ಮೆ ಬರುತ್ತಿದ್ದ. ಮತ್ತೆ ಮದುವೆಯಾಗಲಿಲ್ಲ. ಬಂದಾಗಲೆಲ್ಲ ಕೂಸನ್ನು ತೋರಿಸಿ, ಕಟ್ಟೆಯ ಮೇಲೆ ಕೂತ ರೋಗಿಗಳಿಗೆ ನನ್ನ ಕಥೆ ಹೇಳುವನು. ಅತ್ತೆಯನ್ನು ಬೈದು ನೀರು ಕುಡಿಸಿದ ಬಾಯಿ. ಹೇಳುತ್ತಾ ಹೇಳುತ್ತಾ ಆ ಮಾತು ಬನಹಟ್ಟಿಯಲ್ಲೆಲ್ಲ ಹರಡಿತು. ಅದರಿಂದಲೇ ಎಷ್ಟೋ ಮನೆಗಳಲ್ಲಿ ಬಾಣಂತಿಯರಿಗೆ ನೀರು ಕೊಡಲು ಶುರುಮಾಡಿದರೆಂದು ಗುಮಾಸ್ತರು ಹೇಳಿದರು. ಪ್ರತಿ ವರ್ಷವೂ ಈ ಸಲ ಹೇಳಿಬಿಡುತ್ತೇನೆ ಎಂದುಕೊಳ್ಳುತ್ತಿದ್ದೆ. ಪ್ರತಿ ವರ್ಷವೂ ಅವನ ಮುಖದಲ್ಲಿ ಇದ್ದ ಆ ಒಂದು ಸಮಾಧಾನವನ್ನು ಕಿತ್ತುಕೊಳ್ಳಲು ಕೈ ಬರಲಿಲ್ಲ. ಅದು ಅವನ ಮೇಲಿನ ಕರುಣೆಯೋ, ನನ್ನ ಹೇಡಿತನವೋ, ಇವತ್ತಿಗೂ ನನಗೆ ಗೊತ್ತಾಗಿಲ್ಲ.

ಸಂಸ್ಥಾನ ವಿಲೀನವಾದ ವರ್ಷ ಸಾಹುಕಾರರು ವಯಸ್ಸಾಗಿ ವ್ಯವಹಾರ ಕಡಿಮೆ ಮಾಡಿದರು. ತಂತಿ ಬಿಚ್ಚಿದರು. ಫೋನು ತೆಗೆದಲ್ಲಿ ಗೋಡೆಯ ಮೇಲೆ ಒಂದು ಬಿಳಿ ಚೌಕ ಉಳಿಯಿತು, ಅದರ ಮೇಲ್ಗಡೆ ನನ್ನ ಎಂಟು ಪ್ರಶ್ನೆ. ಆ ಬೇಸಿಗೆಯಲ್ಲಿ ಅವನು ಬಂದ. ಹುಡುಗಿಗೆ ಐದು ತುಂಬಿತ್ತು. ಬಸ್ ನಿಲ್ಲುವಲ್ಲಿಂದ ಬಿಸಿಲಿನಲ್ಲಿ ನಡೆದು ಬಂದು ಮುಖ ಕೆಂಪಾಗಿತ್ತು. ತಾಯಿಯದೇ ಗಲ್ಲ, ತಾಯಿಯದೇ ಬಾಯಿ.

"ಕಾಲ ಬೀಳು ತಾಯಿ" ಎಂದು ಅವನು ಅವಳ ಬೆನ್ನು ಮುಟ್ಟಿದ. "ಇವರ ನೋಡು. ನಿಮ್ಮವ್ವಗ ನೀರ ಕುಡಿಸಿದವರು."

ಹುಡುಗಿ ಬಗ್ಗಿ ನನ್ನ ಪಾದಗಳನ್ನು ಮುಟ್ಟಿದಳು. ಅಂಗೈ ಬೆಚ್ಚಗಿದ್ದವು. ಕಾಲು ಹಿಂದಕ್ಕೆ ಎಳೆದುಕೊಳ್ಳಬೇಕಿತ್ತು, ಎಳೆದುಕೊಳ್ಳಲಿಲ್ಲ. ಎದ್ದು ನಿಂತು ಕೋಣೆಯಲ್ಲಿ ಸುತ್ತ ನೋಡಿದಳು, ಮೂಲೆಯ ಕೊಡ ಕಂಡಿತು.

"ನನಗೂ ಕೊಡ್ರಿ" ಎಂದಳು.

ಚರಿಗೆ ತುಂಬಿ ಕೊಟ್ಟೆ. ಎರಡೂ ಕೈಯಲ್ಲಿ ಹಿಡಿದು ಪೂರಾ ಕುಡಿದಳು. ಅವನು ನೋಡುತ್ತಾ ನಿಂತಿದ್ದ, ನಗುತ್ತಿದ್ದ. ನಾನು ಖಾಲಿ ಚರಿಗೆ ಇಸಿದುಕೊಂಡು, ತೊಳೆಯುವ ನೆವದಿಂದ ಹಿತ್ತಲಿಗೆ ಹೋದೆ.